ಒಂದೇ ಅವರೆ, ಎರಡು ಹಬ್ಬದ ಎಲೆ

ಪುಷ್ಯ ಮಾಸದ ಚಳಿ. ದೊಡ್ಡಬಳ್ಳಾಪುರದಿಂದ ಘಾಟಿ ಸುಬ್ರಹ್ಮಣ್ಯದ ಕಡೆಗೆ ಹೊರಟ ಬಸ್ಸಿನ ಕಿಟಕಿಯಿಂದ ನೋಡಿದರೆ, ಕೊಯ್ಲಾದ ರಾಗಿ ಹೊಲಗಳ ಕೂಳೆಯ ನಡುವೆ ಹಸಿರು ಗೆರೆ ಎಳೆದಂತೆ ಅವರೆ ಸಾಲುಗಳು ಕಾಣುತ್ತವೆ. ಪುಷ್ಯ ಶುದ್ಧ ಷಷ್ಠಿಗೆ ಘಾಟಿಯಲ್ಲಿ ತೇರು. ಅದರ ಆಸುಪಾಸಿನಲ್ಲೇ ಹೆಸರಾಂತ ದನಗಳ ಜಾತ್ರೆ. ರಸ್ತೆಯ ಬದಿಯಲ್ಲಿ ಗೋಣಿತಾಟು ಹಾಸಿ ಅವರೆಕಾಯಿ ರಾಶಿ ಹಾಕಿ ಕುಳಿತ ಹೆಂಗಸರು ಒಂದು ಕಾಯನ್ನು ಬೆರಳಲ್ಲಿ ಹೊಸಕಿ ಗಿರಾಕಿಯ ಮೂಗಿಗೆ ಹಿಡಿಯುತ್ತಾರೆ. ‘ಸೊಗಡು ಐತೆ, ಮೂಸಿ ನೋಡಣ್ಣ!’ ಬೇರೆ ಯಾವ ತರಕಾರಿಗೂ ಈ ಪರೀಕ್ಷೆ ಇಲ್ಲ.

ಸೊಗಡು ಎಂಬುದು ಕೇವಲ ವಾಸನೆಯಲ್ಲ, ಅದೊಂದು ರಸಾಯನ. ಅವರೆಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂಥ ಅಂಟು ಒಸರುತ್ತದೆ. ಅದರಲ್ಲಿರುವ ಕೆಲವು ಕೊಬ್ಬಿನ ಆಮ್ಲಗಳೇ ಈ ಘಮಕ್ಕೆ ಕಾರಣ. ಚಳಿ ಬಿದ್ದು ಇಬ್ಬನಿ ಸುರಿದರೆ ಸೊಗಡು ಹೆಚ್ಚುತ್ತದೆ ಎಂಬುದು ರೈತರ ಅನುಭವ. ಬೆಂಗಳೂರು ಗ್ರಾಮಾಂತರದ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಸಾರು, ಹುಳಿ, ಉಪ್ಪಿಟ್ಟು, ರೊಟ್ಟಿ ಎಲ್ಲದರಲ್ಲೂ ಅವರೆಯೇ. ಅವುಗಳಲ್ಲೆಲ್ಲ ರಾಜ ಎಂದರೆ ಹಿತಕಿದ ಬೇಳೆ. ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಮನೆ ಮಂದಿಯೆಲ್ಲ ಸುತ್ತ ಕುಳಿತು, ಒಂದೊಂದೇ ಕಾಳನ್ನು ಬೆರಳ ತುದಿಯಲ್ಲಿ ಹಿತುಕಿ ಸಿಪ್ಪೆಯಿಂದ ಹೊರಕ್ಕೆ ಚಿಮ್ಮಿಸಬೇಕು. ಹಿತುಕಿದ ಬೇಳೆ ಕೆಲವೊಮ್ಮೆ ಪಾತ್ರೆ ದಾಟಿ ಪಕ್ಕದವರ ಕಣ್ಣಿಗೆ ಬೀಳುವುದೂ ಉಂಟು!

ಇದು ನಮ್ಮ ಸೀಮೆಯ ಅಡುಗೆ ಮಾತ್ರ ಎಂದು ತಿಳಿದಿದ್ದವರಿಗೆ ಒಂದು ಆಶ್ಚರ್ಯ ಕಾದಿದೆ. ಇದೇ ಕಾಳು, ಇದೇ ರೀತಿ ಸಿಪ್ಪೆ ಕಳಚಿಕೊಂಡು, ಪಶ್ಚಿಮ ಕರಾವಳಿಯ ಒಂದು ಪುಟ್ಟ ಸಮುದಾಯದ ಧಾರ್ಮಿಕ ದಿನಕ್ಕೆ ಹೆಸರನ್ನೇ ಕೊಟ್ಟಿದೆ. ಆ ಸಮುದಾಯ ಯೆಹೂದಿಗಳದು.

ಶನಿವಾರ ಗಾಣ ಕಟ್ಟದವರು

ಮುಂಬಯಿಯ ದಕ್ಷಿಣಕ್ಕೆ ಅಲಿಬಾಗಿನ ಸುತ್ತಮುತ್ತಲ ಕೊಂಕಣ ಹಳ್ಳಿಗಳಲ್ಲಿ ನೂರಾರು ವರ್ಷ ಬಾಳಿದ ಯೆಹೂದಿಗಳನ್ನು ಬೆನೆ ಇಸ್ರೇಲ್ ಎನ್ನುತ್ತಾರೆ. ಇಸ್ರೇಲಿನ ಮಕ್ಕಳು ಎಂಬುದು ಆ ಹೆಸರಿನ ಅರ್ಥ. ಹಡಗು ಒಡೆದು ನವಗಾಂವ್ ಬಳಿ ದಡ ಸೇರಿದ ಏಳು ಗಂಡಸರು, ಏಳು ಹೆಂಗಸರೇ ತಮ್ಮ ಮೂಲಪುರುಷರು ಎಂಬುದು ಅವರ ನಂಬಿಕೆ. ಅವರ ಮನೆಮಾತು ಮರಾಠಿ. ಕುಲಕಸುಬು ಎಣ್ಣೆ ತೆಗೆಯುವುದು. ಯೆಹೂದಿ ಧರ್ಮದಂತೆ ಶನಿವಾರ ಸಬ್ಬತ್, ಅಂದು ಕೆಲಸ ಕೂಡದು. ಆದ್ದರಿಂದ ನೆರೆಯವರು ಅವರಿಗೆ ಇಟ್ಟ ಹೆಸರು ‘ಶನಿವಾರ ತೇಲಿ’, ಅಂದರೆ ಶನಿವಾರ ಗಾಣ ಕಟ್ಟದ ಗಾಣಿಗರು.

ಅವರ ಹಬ್ಬಗಳ ಹೆಸರುಗಳು ಬಹುಕಾಲ ಹೀಬ್ರೂ ಭಾಷೆಯವಾಗಿರದೆ ಮರಾಠಿಯವಾಗಿದ್ದವು. ಅವುಗಳಲ್ಲಿ ಹಲವು ಅಡುಗೆಮನೆಯಿಂದಲೇ ಬಂದವು. ಸಮುದಾಯದವರೇ ಆದ ಹಯೀಮ್ ಸ್ಯಾಮ್ಯುಯಲ್ ಕೆಹಿಮ್‌ಕರ್ ಅವರು 1897ರಲ್ಲಿ ಬರೆದ, 1937ರಲ್ಲಿ ಅಚ್ಚಾದ ಇತಿಹಾಸ ಗ್ರಂಥದಲ್ಲಿ ಈ ಹೆಸರುಗಳು ದಾಖಲಾಗಿವೆ. ಹೊಸ ಫಸಲಿನ ಪಾಯಸ ಮಾಡುವ ದಿನ ‘ಖೀರೀಚಾ ಸಣ’. ಫಾಲ್ಗುಣ ಹುಣ್ಣಿಮೆಯ ಸುಮಾರಿಗೆ ಬರುವ ಪುರೀಮ್ ಹಬ್ಬ ‘ಹೋಳೀಚಾ ಸಣ’. ಅಂದು ಅವರ ಮನೆಯಲ್ಲೂ ಬೇಳೆ, ಬೆಲ್ಲದ ಹೂರಣದ ಹೋಳಿಗೆ! ಸಣ ಎಂದರೆ ಮರಾಠಿಯಲ್ಲಿ ಹಬ್ಬ.

ಇವುಗಳಲ್ಲಿ ನಮಗೆ ಮುಖ್ಯವಾದದ್ದು ‘ಬಿರಡ್ಯಾಚಾ ಸಣ’. ಯೆಹೂದಿ ಪಂಚಾಂಗದ ಆವ್ ಮಾಸದ ಒಂಬತ್ತನೆಯ ದಿನ ಉಪವಾಸ. ಇದು ಜುಲೈ ಅಥವಾ ಆಗಸ್ಟಿನಲ್ಲಿ ಬರುತ್ತದೆ. ಜೆರುಸಲೇಮಿನ ದೇವಾಲಯವನ್ನು ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿಯದವರೂ, ಕ್ರಿ.ಶ. 70ರಲ್ಲಿ ರೋಮನ್ನರೂ ನಾಶ ಮಾಡಿದ್ದರ ಶೋಕಾಚರಣೆ ಅದು. ಅದಕ್ಕೆ ಮುಂಚಿನ ದಿನಗಳಲ್ಲಿ ಮಾಂಸ ವರ್ಜ್ಯ. ಮನೆಯಲ್ಲಿ ಸಾವಾದಾಗ ಒಗ್ಗರಣೆ ಹಾಕದಿರುವ ನಮ್ಮ ಕಡೆಯ ಪದ್ಧತಿಯಂತೆ ದುಃಖಕ್ಕೂ ಒಂದು ಊಟದ ಶಿಸ್ತು. ಬೆನೆ ಇಸ್ರೇಲಿಗಳು ಆ ದಿನಗಳಲ್ಲಿ ಬಾಳೆಎಲೆಯ ಮೇಲೆ ಅನ್ನದ ಜೊತೆ ಬಡಿಸುತ್ತಿದ್ದುದು ಬಿರಡಾ. ಅಂದರೆ ‘ವಾಲ್’ ಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಸಿಪ್ಪೆ ತೆಗೆದು, ತೆಂಗಿನಕಾಯಿ ಹಾಕಿ ಮಾಡಿದ ಪಲ್ಯ. ಸಸ್ಯಶಾಸ್ತ್ರದಲ್ಲಿ ವಾಲ್‌ನ ಹೆಸರು ಲ್ಯಾಬ್‌ಲ್ಯಾಬ್ ಪರ್‌ಪ್ಯೂರಿಯಸ್. ನಮ್ಮ ಅವರೆಯ ಹೆಸರೂ ಅದೇ!

ವ್ಯತ್ಯಾಸ ಇಷ್ಟೇ. ಕೊಂಕಣದಲ್ಲಿ ಒಣ ಕಾಳನ್ನು ಮಳೆಗಾಲದಲ್ಲಿ ಮೊಳಕೆ ಕಟ್ಟುತ್ತಾರೆ. ಇಲ್ಲಿ ಹಸಿ ಕಾಳನ್ನು ಚಳಿಗಾಲದಲ್ಲಿ ಹಿತುಕುತ್ತಾರೆ. ಸಿಪ್ಪೆ ತೆಗೆಯುವ ಈ ತಾಪತ್ರಯ ಎರಡು ಕಡೆಯವರಿಗೂ ಏಕೆ ಬೇಕಿತ್ತು? ಅವರೆಯ ಸಿಪ್ಪೆಯಲ್ಲಿ ಒಗರು ಕೊಡುವ ಟ್ಯಾನಿನ್‌ಗಳಿವೆ, ನಾರೂ ಹೆಚ್ಚು. ನೆನೆಸಿ ಮೊಳಕೆ ಬರಿಸಿದಾಗ ಹೊಟ್ಟೆಯುಬ್ಬರ ತರುವ ಕೆಲವು ಸಕ್ಕರೆಗಳು ಕಡಿಮೆಯಾಗುತ್ತವೆ. ಕಬ್ಬಿಣ, ಸತುವಿನ ಅಂಶಗಳನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕೂಡ ಇಳಿಯುತ್ತದೆ. ಹಸಿ ಕಾಳಿನಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿ ಮಾಡುವ ವಸ್ತುಗಳಿರುವುದರಿಂದ ಚೆನ್ನಾಗಿ ಬೇಯಿಸಲೇಬೇಕು. ಪ್ರಯೋಗಾಲಯ ಹುಟ್ಟುವ ಎಷ್ಟೋ ಮೊದಲು ಎರಡು ಸೀಮೆಗಳ ಅಜ್ಜಿಯರು ಒಂದೇ ಉತ್ತರಕ್ಕೆ ಬಂದಿದ್ದರು.

ಇನ್ನೊಂದು ಸಾಮ್ಯವೂ ಇದೆ. ಯೆಹೂದಿ ನಿಯಮದಲ್ಲಿ ಹುಳು ತಿನ್ನುವುದು ನಿಷಿದ್ಧ. ಸೊಪ್ಪು, ಕಾಳುಗಳನ್ನು ಬೆಳಕಿಗೆ ಹಿಡಿದು ಹುಡುಕಿ ನೋಡುವುದು ಆ ಅಡುಗೆಮನೆಯ ನಿತ್ಯಕರ್ಮ. ಅವರೆಕಾಯಿ ಸುಲಿದ ಯಾರಿಗಾದರೂ ಈ ಎಚ್ಚರಿಕೆಯ ಬೆಲೆ ಗೊತ್ತು.

ಹಾಲಿಲ್ಲದ ಹಾಲು

ದೊಡ್ಡಬಳ್ಳಾಪುರದಿಂದ ನೈಋತ್ಯಕ್ಕೆ ತಿರುಗಿದರೆ ನೆಲಮಂಗಲ. ದೂರದಲ್ಲಿ ಶಿವಗಂಗೆ ಬೆಟ್ಟ. ಹೆದ್ದಾರಿ ಬಿಟ್ಟು ಒಳದಾರಿ ಹಿಡಿದರೆ ಕೆಂಪು ಮಣ್ಣಿನ ರಾಗಿ ಹೊಲಗಳು. ಇಲ್ಲಿಯ ಮನೆಗಳಲ್ಲಿ ಮಕ್ಕಳಿಗೆ ಪ್ರಿಯವಾದ ಒಂದು ಸಿಹಿ ಇದೆ: ಹಾಲುಬಾಯಿ. ಹೆಸರಿನಲ್ಲಿ ಹಾಲಿದ್ದರೂ ಹಸುವಿನ ಹಾಲು ಒಂದು ಹನಿಯೂ ಬೇಕಿಲ್ಲ. ರಾಗಿಯ ಹಾಲು, ತೆಂಗಿನ ಹಾಲು, ಬೆಲ್ಲ ಇಷ್ಟೇ.

ಇದು ಯೆಹೂದಿ ಅಡುಗೆಗೆ ಏಕೆ ಹತ್ತಿರ ಎಂದು ತಿಳಿಯಲು ಅವರ ಒಂದು ಮೂಲ ನಿಯಮ ಗೊತ್ತಿರಬೇಕು. ಧರ್ಮಸಮ್ಮತ ಆಹಾರಕ್ಕೆ ಅವರು ‘ಕೋಷರ್’ ಎನ್ನುತ್ತಾರೆ. ಕೋಷರ್ ಅಡುಗೆಯಲ್ಲಿ ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಸೇರುವಂತಿಲ್ಲ. ಪಾತ್ರೆಗಳೂ ಬೇರೆ ಬೇರೆ. ಭಾನುವಾರ ನಸುಕಿನಲ್ಲೇ ಹೊಸಕೋಟೆಯಲ್ಲಿ ಬಿರಿಯಾನಿಗೆ ಜನ ಸಾಲು ನಿಲ್ಲುವುದು ಈಗ ಪ್ರಸಿದ್ಧ ಸಂಗತಿ. ಆ ಬಿರಿಯಾನಿಯ ಪಕ್ಕದಲ್ಲಿ ಮೊಸರುಬಜ್ಜಿ ಇಟ್ಟರೆ ಯೆಹೂದಿ ಮನೆಯಲ್ಲಿ ಅದು ನಡೆಯದು.

ಈ ಎರಡು ಬಣಗಳ ನಡುವೆ ಮೂರನೆಯದೊಂದಿದೆ. ಅದು ‘ಪಾರ್ವೆ’. ಕಾಳು, ಧಾನ್ಯ, ಹಣ್ಣು, ತರಕಾರಿ, ತೆಂಗು, ಎಣ್ಣೆ ಎಲ್ಲವೂ ಪಾರ್ವೆ. ಇವು ಹಾಲಿನ ಊಟಕ್ಕೂ ಸೈ, ಮಾಂಸದ ಊಟಕ್ಕೂ ಸೈ. ಯಾರ ಜಗಳಕ್ಕೂ ಹೋಗದ ಮಧ್ಯಸ್ಥರಂತೆ ಸಸ್ಯಾಹಾರ ಎಲ್ಲ ಎಲೆಗಳಲ್ಲೂ ಕೂರಬಲ್ಲದು. ಕೊಂಕಣದ ಯೆಹೂದಿ ಗೃಹಿಣಿಯರು ಈ ಇಕ್ಕಟ್ಟಿಗೆ ತೆಂಗಿನ ಮರದಲ್ಲಿ ಪರಿಹಾರ ಕಂಡುಕೊಂಡರು. ಬೇರೆಯವರು ಹಾಲು, ಮೊಸರು ಹಾಕುವ ಕಡೆ ಅವರದು ತೆಂಗಿನ ಹಾಲು. ಹೊಸ ವರ್ಷದ ಹಬ್ಬವಾದ ರೋಶ್ ಹಶಾನಾಕ್ಕೆ ಅವರು ಗೋಧಿಯನ್ನು ನೆನೆಸಿ, ಹಿಂಡಿ ತೆಗೆದ ಹಾಲಿಗೆ ತೆಂಗಿನ ಹಾಲು, ಸಕ್ಕರೆ ಸೇರಿಸಿ ಕೈಬಿಡದೆ ಕೆದಕಿ ಹಲ್ವ ಮಾಡುತ್ತಾರೆ. ಗೋಧಿಯ ಜಾಗದಲ್ಲಿ ರಾಗಿ, ಸಕ್ಕರೆಯ ಜಾಗದಲ್ಲಿ ಬೆಲ್ಲ ಇಟ್ಟು ನೋಡಿ. ಅದೇ ನಮ್ಮ ಹಾಲುಬಾಯಿ.

ಮನೆಯಲ್ಲಿ ಮಾಡಿ ನೋಡುವವರಿಗೆ ವಿಧಾನ ಹೀಗಿದೆ. ಒಂದು ಲೋಟ ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರು ಸೇರಿಸಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಎರಡು ಮೂರು ಸಲ ಹಿಂಡಿ ಹಾಲು ತೆಗೆಯಿರಿ. ಒಂದು ಲೋಟ ತೆಂಗಿನತುರಿಯ ಹಾಲನ್ನೂ ಹಾಗೆಯೇ ತೆಗೆದು ಬೆರೆಸಿ. ಒಂದೂವರೆ ಲೋಟ ಬೆಲ್ಲವನ್ನು ಕರಗಿಸಿ ಸೋಸಿ ಹಾಕಿ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕೆದಕುತ್ತಲೇ ಇರಬೇಕು. ಮೊದಲು ನೀರಾಗಿದ್ದ ದ್ರವ ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಗಟ್ಟಿಯಾಗುತ್ತದೆ. ಪಿಷ್ಟದ ಕಣಗಳು ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರು ಹೀರಿ ಉಬ್ಬುವುದೇ ಇದಕ್ಕೆ ಕಾರಣ. ಪಾತ್ರೆಯ ಅಂಚು ಬಿಟ್ಟು ಮುದ್ದೆಯಾದಾಗ ಏಲಕ್ಕಿ ಪುಡಿ ಹಾಕಿ, ಕೊಬ್ಬರಿ ಎಣ್ಣೆ ಸವರಿದ ತಟ್ಟೆಗೆ ಸುರಿದು ಆರಿದ ಮೇಲೆ ಕತ್ತರಿಸಿ. ತುಪ್ಪವೂ ಬೇಕಾಗದು.

ಇಡೀ ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೇರೆ ಯಾವ ಸಾಮಾನ್ಯ ಧಾನ್ಯದಲ್ಲೂ ಇಷ್ಟಿಲ್ಲ. ಆದರೆ ರಾಗಿಯಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ, ಅವರೆಯಲ್ಲಿ ಅದು ಹೇರಳ. ಅವರೆಯಲ್ಲಿ ಕಡಿಮೆ ಇರುವ ಮೆಥಿಯೊನೀನ್ ರಾಗಿಯಲ್ಲಿ ಸಾಕಷ್ಟಿದೆ. ಮುದ್ದೆಗೆ ಅವರೆಕಾಳಿನ ಸಾರು ಜೋಡಿಯಾದದ್ದು ನಾಲಿಗೆಯ ನಿರ್ಧಾರವಾದರೂ ದೇಹವೂ ಅದಕ್ಕೆ ಒಪ್ಪಿಗೆ ಕೊಟ್ಟಿದೆ.

ರಾಗಿಯ ಪ್ರಶ್ನೆ

ಯೆಹೂದಿಗಳ ದೊಡ್ಡ ಹಬ್ಬ ಪಾಸ್‌ಓವರ್. ಈಜಿಪ್ಟಿನ ದಾಸ್ಯದಿಂದ ಹೊರಟ ಪೂರ್ವಜರಿಗೆ ಹಿಟ್ಟು ಹುದುಗುವಷ್ಟು ಹೊತ್ತೂ ಇರಲಿಲ್ಲವಂತೆ. ಅದರ ನೆನಪಿಗೆ ಆ ವಾರ ಹುದುಗಿದ ಹಿಟ್ಟು ಮನೆಯಲ್ಲೇ ಇರಕೂಡದು. ಗೋಧಿಯ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ರೊಟ್ಟಿ ಬೆಂದಿರಬೇಕು. ಹಿಟ್ಟಿನಲ್ಲಿರುವ ಕಿಣ್ವ, ಯೀಸ್ಟುಗಳು ಕೆಲಸ ಶುರು ಮಾಡುವ ಮೊದಲೇ ಬೆಂಕಿಗೆ ಒಪ್ಪಿಸುವ ಲೆಕ್ಕಾಚಾರ ಅದು. ಬೆನೆ ಇಸ್ರೇಲಿಗಳು ಈ ಹಬ್ಬಕ್ಕೆ ಕೊಟ್ಟ ಹೆಸರಿನಲ್ಲಿ ಹುಳಿಯ ಗಡಿಗೆಯನ್ನು ಮುಚ್ಚಿಡುವ ಮಾತೇ ಇದೆ. ಅಂಬಲಿಯ ಮಡಕೆ ಇರುವ ನಮ್ಮ ಹಳ್ಳಿಯ ಮನೆಯವರಿಗೆ, ಎಂಟು ದಿನ ಆ ಮಡಕೆಯ ಬಾಯಿ ಕಟ್ಟಿದರೆ ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಹಾಗಾದರೆ ಆ ವಾರ ರಾಗಿ ಮುದ್ದೆ ತಿನ್ನಬಹುದೆ? ಧರ್ಮಗ್ರಂಥದ ನಿಷೇಧ ಐದು ಧಾನ್ಯಗಳಿಗೆ ಮಾತ್ರ. ಗೋಧಿ, ಬಾರ್ಲಿ ಅವುಗಳಲ್ಲಿ ಮುಖ್ಯವಾದವು. ರಾಗಿ ಆ ಪಟ್ಟಿಯಲ್ಲಿಲ್ಲ. ಆದರೆ ಯೂರೋಪಿನ ಅಶ್ಕೆನಾಜಿ ಯೆಹೂದಿಗಳು ಶತಮಾನಗಳ ಹಿಂದೆಯೇ ಅಕ್ಕಿ, ಸಿರಿಧಾನ್ಯ, ಕಾಳುಗಳನ್ನೂ ಆ ವಾರ ಬಿಟ್ಟರು. ಭಾರತದ ಯೆಹೂದಿಗಳು ಅನ್ನ ಬಿಡಲಿಲ್ಲ. ಅಮೆರಿಕದ ಕನ್ಸರ್ವೇಟಿವ್ ಪಂಥದ ಧರ್ಮಸಮಿತಿ 2015ರಲ್ಲಿ ಅಶ್ಕೆನಾಜಿಗಳಿಗೂ ಅಕ್ಕಿ, ಕಾಳುಗಳಿಗೆ ಒಪ್ಪಿಗೆ ಕೊಟ್ಟಿತು. ಮಾಂಸ, ಹಾಲು, ಮೊಟ್ಟೆ ಎಲ್ಲವನ್ನೂ ಬಿಟ್ಟು ಬರೀ ಸಸ್ಯಾಹಾರ ಮಾಡುವ ಯೆಹೂದಿಗಳಿಗೆ ಇದು ಸಣ್ಣ ಮಾತಲ್ಲ. ಕಾಳೂ ಇಲ್ಲ ಎಂದರೆ ಅವರಿಗೆ ಪ್ರೋಟೀನು ಎಲ್ಲಿಂದ ಬರಬೇಕು?

ಅಕ್ಕಡಿ ಸಾಲಿನ ಅಲಸಂದೆ

ಪೂರ್ವದ ತುದಿಯಲ್ಲಿ ಹೊಸಕೋಟೆ. ಊರಿಗೆ ಅಂಟಿಕೊಂಡೇ ವಿಶಾಲವಾದ ಕೆರೆ. ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲೂ ಮಳೆಯಾಶ್ರಿತ ರೈತರು ಬಹುಕಾಲ ಪಾಲಿಸಿದ ಪದ್ಧತಿ ಅಕ್ಕಡಿ ಸಾಲು. ರಾಗಿಯ ಕೆಲವು ಸಾಲಿಗೊಂದರಂತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳದ ಸಾಲು. ಮಳೆ ಕೈಕೊಟ್ಟು ರಾಗಿ ಹೋದರೂ ಅವರೆ ಉಳಿಯುತ್ತದೆ. ಕಾಳಿನ ಗಿಡಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನುನೊಣ ಬರುತ್ತವೆ. ಒಂದು ಹೊಲದಿಂದ ಮುದ್ದೆ, ಸಾರು, ಎಣ್ಣೆ, ದನಕ್ಕೆ ಮೇವು ಎಲ್ಲವೂ ಸಿಗುತ್ತಿತ್ತು.

ಸೆಪ್ಟೆಂಬರ್ ಸುಮಾರಿಗೆ ಅಕ್ಕಡಿಯ ಅಲಸಂದೆ ಹಸಿಯಾಗಿ ಕೈಗೆ ಬರುವಾಗ ಯೆಹೂದಿಗಳ ಹೊಸ ವರ್ಷ. ಯುಗಾದಿಗೆ ನಾವು ಬೇವುಬೆಲ್ಲ ತಿನ್ನುವಂತೆ ಅವರಿಗೂ ಅಂದು ಅರ್ಥವಿಟ್ಟು ತಿನ್ನುವ ಪದಾರ್ಥಗಳಿವೆ. ಸೋರೆಯ ಜಾತಿಯ ಕಾಯಿ, ಅಲಸಂದೆ, ಬೀಟ್, ಖರ್ಜೂರ ಮುಂತಾದವನ್ನು ಹೊಸ ವರ್ಷಕ್ಕೆ ತಿನ್ನಬೇಕೆಂಬ ಮಾತು ಅವರ ತಾಲ್ಮುದ್ ಗ್ರಂಥದಲ್ಲೇ ಬರುತ್ತದೆ. ಅಲಸಂದೆಗೆ ಅಲ್ಲಿ ರೂಬಿಯಾ ಎಂಬ ಹೆಸರು. ಹೀಬ್ರೂವಿನಲ್ಲಿ ಹೆಚ್ಚುವುದು ಎಂಬ ಶಬ್ದದ ಧ್ವನಿ ಅದರಲ್ಲಿದೆ. ಪುಣ್ಯ ಹೆಚ್ಚಲಿ ಎಂದು ಅಲಸಂದೆ! ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುವುದೂ ಪದ್ಧತಿ. ಜೇನನ್ನೂ ಬಿಟ್ಟವರು ಖರ್ಜೂರದ ಪಾಕ ಬಳಸುತ್ತಾರೆ. ಬೈಬಲಿನ ಏಳು ಬೆಳೆಗಳ ಪಟ್ಟಿಯಲ್ಲಿ ಬರುವ ಜೇನು ಖರ್ಜೂರದ್ದೇ ಎಂಬುದು ಸಾಂಪ್ರದಾಯಿಕ ವ್ಯಾಖ್ಯಾನ. ಅದೇ ಪಟ್ಟಿಯ ದ್ರಾಕ್ಷಿಗೂ ಈ ಜಿಲ್ಲೆಗೂ ನಂಟಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಚಪ್ಪರಗಳಲ್ಲಿ ತೂಗುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಯಾರು ತಾನೇ ಸವಿದಿಲ್ಲ?

ಎಲ್ಲವೂ ಒಂದೇ ಎಂದುಕೊಳ್ಳುವುದು ತಪ್ಪಾದೀತು. ನಮ್ಮ ಅಕ್ಕಡಿಯ ಜಾಣ್ಮೆ ಅವರ ಧರ್ಮಶಾಸ್ತ್ರಕ್ಕೆ ಒಪ್ಪಿಗೆಯಾಗದು. ಒಂದೇ ಹೊಲದಲ್ಲಿ ಎರಡು ಬಗೆಯ ಬೀಜ ಬಿತ್ತಬೇಡ ಎಂದು ಬೈಬಲಿನ ಲೇವಿಯರ ಕಾಂಡ ವಿಧಿಸುತ್ತದೆ. ಅದು ಇಸ್ರೇಲಿನ ನೆಲಕ್ಕೆ ಅನ್ವಯಿಸುವ ಕಟ್ಟಳೆ. ಬೇರೆ ಮಣ್ಣು, ಬೇರೆ ಮಳೆ, ಬೇರೆ ನಿಯಮ. ಆದರೂ ಊಟದ ಎಲೆಯ ಮೇಲೆ ಅದೇ ಕಾಳುಗಳು ಸಂಧಿಸುತ್ತವೆ.

ಚಕ್ಕೋತದ ದಾಯಾದಿ

ದೇವನಹಳ್ಳಿ ಟಿಪ್ಪು ಹುಟ್ಟಿದ ಊರು. ಕೋಟೆಯ ಕಲ್ಲುಗೋಡೆ ಇಂದಿಗೂ ಗಟ್ಟಿಯಾಗಿದೆ. ಈ ಊರಿನ ಇನ್ನೊಂದು ಕೀರ್ತಿ ಚಕ್ಕೋತ. ಮಗುವಿನ ತಲೆಯಷ್ಟು ದೊಡ್ಡ ಹಣ್ಣು, ದಪ್ಪ ಸಿಪ್ಪೆ, ಒಳಗೆ ಕೆಂಪಡರಿದ ಸಿಹಿ ತೊಳೆ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಯೆಹೂದಿಗಳ ಸುಕ್ಕೋತ್ ಹಬ್ಬ. ಮರುಭೂಮಿಯ ಅಲೆದಾಟದ ನೆನಪಿಗೆ ಏಳು ದಿನ ಚಪ್ಪರ ಹಾಕಿ ಅದರಡಿ ಉಣ್ಣುತ್ತಾರೆ. ಚಪ್ಪರದ ಮೇಲುಹೊದಿಕೆ ಸಸ್ಯದ್ದೇ ಆಗಿರಬೇಕು, ನೆಲದಿಂದ ಕತ್ತರಿಸಿದ್ದಾಗಿರಬೇಕು. ಕೊಚ್ಚಿಯ ಯೆಹೂದಿಗಳಿಗೆ ತೆಂಗಿನ ಗರಿ ಇತ್ತು. ಬೇರು ನೆಲದಲ್ಲಿರುವ ಅವರೆ ಬಳ್ಳಿಯ ಚಪ್ಪರವಾದರೆ ನಡೆಯದು! ಆ ಹಬ್ಬದಲ್ಲಿ ಕೈಯಲ್ಲಿ ಹಿಡಿಯುವ ನಾಲ್ಕು ಸಸ್ಯಗಳಲ್ಲಿ ಒಂದು ಎತ್ರೋಗ್. ಅದು ನಮ್ಮ ಮಾದಲ ಹಣ್ಣು.

ಮಾದಲ, ಚಕ್ಕೋತ, ಮ್ಯಾಂಡರಿನ್ ಕಿತ್ತಳೆ ಈ ಮೂರೂ ನಿಂಬೆ ಕುಲದ ಮೂಲಪುರುಷರು. ಚಕ್ಕೋತ ಮತ್ತು ಮ್ಯಾಂಡರಿನ್ ಬೆರೆತು ಮೂಸಂಬಿಯ ಬಳಗದ ಸಿಹಿ ಕಿತ್ತಳೆಗಳು ಹುಟ್ಟಿದವು. ಹೇರಳೆಯಂಥ ಹುಳಿ ಕಿತ್ತಳೆಗೆ ಮಾದಲ ಸೇರಿ ಪಾಶ್ಚಾತ್ಯರ ಲೆಮನ್ ಆಯಿತು. ಈ ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಕವಲೊಡೆದದ್ದು ಸುಮಾರು 80 ಲಕ್ಷ ವರ್ಷಗಳ ಹಿಂದೆ ಎಂದು 2018ರ ಜೀನೋಮ್ ಅಧ್ಯಯನ ಹೇಳುತ್ತದೆ. ಹೀಗೆ ಜೆರುಸಲೇಮಿನ ಎತ್ರೋಗ್ ಮತ್ತು ದೇವನಹಳ್ಳಿಯ ಚಕ್ಕೋತ ದಾಯಾದಿಗಳು.

ಇಲ್ಲೊಂದು ಸ್ವಾರಸ್ಯವಿದೆ. ಕಸಿ ಮಾಡಿದ ಮರದ ಎತ್ರೋಗ್ ಹಬ್ಬಕ್ಕೆ ಸಲ್ಲದು. ದೇವನಹಳ್ಳಿ ಚಕ್ಕೋತದ ಕಥೆ ತಿರುಗುಮುರುಗು. ಚಕ್ಕೋತದ ಬೀಜದಲ್ಲಿ ಪರಾಗಸ್ಪರ್ಶದಿಂದ ಹುಟ್ಟಿದ ಒಂದೇ ಭ್ರೂಣವಿರುವುದರಿಂದ ಬೀಜದ ಸಸಿ ತಾಯಿಯನ್ನು ಹೋಲಬೇಕೆಂದಿಲ್ಲ. ತಳಿ ಉಳಿಯಬೇಕಾದರೆ ಕಸಿ, ಗೂಟಿಗಳೇ ಬೇಕು. ಅಂದರೆ ಈ ಹಣ್ಣಿನ ಮರ ಕಡಿದರೆ, ಬಿದ್ದ ಬೀಜ ಅದನ್ನು ಹಾಗೆಯೇ ಮರಳಿ ತರಲಾರದು.

ಹುಣ್ಣಿಮೆಯ ಲೆಕ್ಕ

ಯೆಹೂದಿ ಪಂಚಾಂಗವೂ ನಮ್ಮಂತೆಯೇ ಚಂದ್ರನ ಮಾಸ, ಸೂರ್ಯನ ಋತು ಎರಡನ್ನೂ ಹೊಂದಿಸುತ್ತದೆ. ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದು. ಆ ಕೊರತೆ ತುಂಬಲು ಅವರು 19 ವರ್ಷಕ್ಕೆ ಏಳು ಸಲ ಅಧಿಕ ಮಾಸ ಸೇರಿಸುತ್ತಾರೆ. ನಮ್ಮ ಅಧಿಕ ಮಾಸದ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ಅವರ ಹುಣ್ಣಿಮೆ ಹಬ್ಬಗಳು ನಮ್ಮ ಹುಣ್ಣಿಮೆಯ ಅಕ್ಕಪಕ್ಕದಲ್ಲೇ ಬೀಳುತ್ತವೆ.

ಘಾಟಿಯ ಜಾತ್ರೆ ಮುಗಿದು ಕೆಲವು ವಾರಗಳಲ್ಲಿ, ಪುಷ್ಯ ಅಥವಾ ಮಾಘ ಹುಣ್ಣಿಮೆಯ ಸುಮಾರಿಗೆ, ತು ಬಿಶ್ವಾತ್ ಬರುತ್ತದೆ. ಅದು ಮರಗಳ ಹೊಸ ವರ್ಷ. ಅಂದು ಬೆನೆ ಇಸ್ರೇಲಿಗಳು ಪ್ರವಾದಿ ಎಲೀಯನ ಹೆಸರಿನಲ್ಲಿ ಮಲೀದಾ ಮಾಡುತ್ತಾರೆ. ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ ಬೆರೆಸಿ, ಸುತ್ತ ಹಣ್ಣುಗಳನ್ನಿಟ್ಟು ಪ್ರಾರ್ಥಿಸಿ ಹಂಚುವುದೇ ಮಲೀದಾ. ಒಲೆ ಹಚ್ಚುವ ಕೆಲಸವೂ ಇಲ್ಲ. ಕೃಷ್ಣಾಷ್ಟಮಿಯ ಸಿಹಿ ಅವಲಕ್ಕಿ ತಿಂದ ಮಗುವಿಗೆ ಅದನ್ನು ವಿವರಿಸಬೇಕಾಗಿಲ್ಲ.

ಉಳಿಯುವುದೇನು?

1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ನಂತರ ಬೆನೆ ಇಸ್ರೇಲಿಗಳಲ್ಲಿ ಹೆಚ್ಚಿನವರು ಅಲ್ಲಿಗೆ ಹೋದರು. ಭಾರತದಲ್ಲೀಗ ಯೆಹೂದಿಗಳು ಕೆಲವೇ ಸಾವಿರ. ಬೆಂಗಳೂರಿನಲ್ಲೂ ಅವರ ಗುರುತಿದೆ. ಮೈಸೂರು ರಸ್ತೆಯಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ 1904ರಲ್ಲಿ ಕೊಟ್ಟ ಜಾಗದಲ್ಲಿ, ಯೆಹೂದಿಗಳ ಪುಟ್ಟ ರುದ್ರಭೂಮಿ ಇದೆ. ಹಬ್ಬಗಳಿಗೆ ಹೀಬ್ರೂ ಹೆಸರುಗಳು ಮರಳಿ ಬಂದಿವೆ. ಬಿರಡ್ಯಾಚಾ ಸಣ ಎಂಬ ಮಾತು ಈಗ ಹೆಚ್ಚಾಗಿ ಪುಸ್ತಕದಲ್ಲಿ. ಕಾಳು ಉಳಿಯಿತು, ಕಾಳಿನ ಹೆಸರಿನ ಹಬ್ಬ ಮಸುಕಾಯಿತು.

ಬೆಂಗಳೂರು ಗ್ರಾಮಾಂತರದಲ್ಲಿ ನಡೆಯುತ್ತಿರುವುದು ಇದರ ವಿರುದ್ಧ ದಿಕ್ಕಿನದು. ಇಲ್ಲಿ ಹಬ್ಬ ಇದೆ, ಹೆಸರು ಇದೆ, ಹೊಲ ಕರಗುತ್ತಿದೆ. ಸುಮಾರು 4,000 ಎಕರೆಯ ದೇವನಹಳ್ಳಿ ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ಕೆಲಸ ಆರಂಭಿಸಿತು. ಅದರ ಸುತ್ತ ಬಡಾವಣೆಗಳು ಎದ್ದವು. ಚಕ್ಕೋತದ ತೋಟಗಳು ವಿರಳವಾದವು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ವಶಪಡಿಸಿಕೊಳ್ಳುವ ಯೋಜನೆಯ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಡುವುದಾಗಿ ಪ್ರಕಟಿಸಿತು. ವಿಮಾನ ನಿಲ್ದಾಣ ಬೇಡ, ಕಾರ್ಖಾನೆ ಬೇಡ ಎಂದು ಯಾರೂ ಹೇಳಲಾರರು. ಅಲ್ಲಿ ಇದೇ ಜಿಲ್ಲೆಯ ಮಕ್ಕಳಿಗೆ ಕೆಲಸ ಸಿಕ್ಕಿದೆ. ಆದರೆ ರಾಗಿ ಹೊಲ ಒಮ್ಮೆ ಸೈಟಾದರೆ ಮತ್ತೆ ಹೊಲವಾಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಅವರೆಯಲ್ಲೂ ಇಂಥದೇ ಒಂದು ಲೆಕ್ಕವಿದೆ. ಹಳೆಯ ಅವರೆಗೆ ಹಗಲು ಚಿಕ್ಕದಾದರೆ ಮಾತ್ರ ಹೂ. ಜೂನ್, ಜುಲೈನಲ್ಲಿ ರಾಗಿಯ ಜೊತೆ ಬಿತ್ತಿದರೂ ಡಿಸೆಂಬರಿನವರೆಗೆ ಕಾಯಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳನ್ನು ಕೊಟ್ಟಿತು. ಈಗ ವರ್ಷವಿಡೀ ಅವರೆ ಸಿಗುತ್ತದೆ. ರೈತರ ಕೈಗೆ ಎಲ್ಲ ಕಾಲದಲ್ಲೂ ಹಣ. ಆದರೆ ಸೊಗಡು ಹಳೆಯದರಷ್ಟಿಲ್ಲ ಎಂದು ಮೂಸಿ ಕೊಳ್ಳುವವರು ಗೊಣಗುತ್ತಾರೆ. ಎರಡೂ ಮಾತು ಸರಿ. ಹೊಸ ತಳಿ ಹೊಟ್ಟೆಗೆ ಬೇಕು. ಹಳೆಯ ತಳಿಯ ಬೀಜ ಯಾರದೋ ಮನೆಯ ಮಡಕೆಯಲ್ಲಿ ಇರಲೂ ಬೇಕು.

ನೋಡಬೇಕೆನ್ನುವವರಿಗೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಬೆಂಗಳೂರಿನಿಂದ ದೇವನಹಳ್ಳಿ, ದೊಡ್ಡಬಳ್ಳಾಪುರಗಳು ತಲಾ ಸುಮಾರು 40 ಕಿ.ಮೀ., ಘಾಟಿ ಸುಮಾರು 60 ಕಿ.ಮೀ. ಮೂರೂ ಕಡೆಗೆ ಬಸ್ಸುಗಳಿವೆ. ಮಕ್ಕಳನ್ನು ಕರೆದುಕೊಂಡು ಹೋದರೆ ಹೊಲದ ಬದುವಿನಲ್ಲಿ ಒಂದು ಅವರೆ ಗಿಡದ ಬೇರು ತೋರಿಸಲು ರೈತರ ಅನುಮತಿ ಕೇಳಿ. ಬೇರಿನ ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಅದು ಸಾರಜನಕ ಹಿಡಿಯುವ ಕೆಲಸದಲ್ಲಿದೆ ಎಂದರ್ಥ. ಬರುವಾಗ ಎರಡು ಸೇರು ಸೊಗಡಿನ ಅವರೆ ತನ್ನಿ. ರಾತ್ರಿ ಸುಲಿದು ನೆನೆಹಾಕಿ, ಬೆಳಿಗ್ಗೆ ಮನೆ ಮಂದಿಯೆಲ್ಲ ಕುಳಿತು ಹಿತುಕಿ. ಹಿತುಕುವ ಕೈಗಳಿಗೆ ಬಿರಡಾದ ಕಥೆ ಹೇಳಿ. ಒಂದು ಹಿಡಿ ಬಲಿತ ಕಾಳನ್ನು ಸಾರಿಗೆ ಹಾಕದೆ ಒಣಗಿಸಿ ಎತ್ತಿಡಿ. ಜೂನಿನ ಮಳೆಗೆ ಹಿತ್ತಲಲ್ಲೋ, ಶಾಲೆಯ ತೋಟದಲ್ಲೋ ಅದಕ್ಕೊಂದು ಸಾಲು ಸಿಗಲಿ.